ಯಾಂಬಿಲ್‌ನಿಂದ ಕೊರೊಫೇಗೆ

ಪಾರಿವಾಳಕ್ಕೂ ವಿಮಾನಕ್ಕೂ ನಮ್ಮಲ್ಲಿ ಒಂದೇ ಹೆಸರು, ಬಾಲುಸ್.
ಹಾಗಾಗಿ ಬಂತು ಎಂದರೆ ಯಾವುದು ಎಂದು ಕೇಳಬೇಕು.

ನಾನು ತೂಕದವನು. ಹುಲ್ಲಿನ ರನ್‌ವೇಯ ಮೇಲ್ತುದಿಗೆ ತಗಡಿನ ಗೂಡು,
ಒಳಗೆ ಮುಳ್ಳಿನ ತಕ್ಕಡಿ, ರೇಡಿಯೋ,
ಗೆದ್ದಲು ರುಚಿ ನೋಡಿದ ಒಂದು ಪುಸ್ತಕ.
ಕೆಳತುದಿಯಲ್ಲಿ ನೆಲ ಮುಗಿಯುತ್ತದೆ, ಅಷ್ಟೇ.
ಪಾದ್ರಿ, ಮೇಷ್ಟರು, ಕಾಫಿ ಮೂಟೆ, ಹಂದಿ
ಎಲ್ಲರೂ ಹತ್ತುವುದು ಇದೇ ಹಲಗೆ.
ಹಂದಿ ಮಾತ್ರ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ.

ಪುಸ್ತಕದಲ್ಲಿ ದೂರ ಎಂಬ ಕಡೆ ಹತ್ತೊಂಬತ್ತು ಕಿಲೋಮೀಟರು,
ಅವಧಿ ಎಂಬ ಕಡೆ ಒಂಬತ್ತು ನಿಮಿಷ.
ಹದಿನಾರು ವರ್ಷವಾಯಿತು, ಕೈ ತಾನೇ ಬರೆಯುತ್ತದೆ.

ನಡೆದರೆ ಮೂರು ಹಗಲು.
ಮೊಣಕಾಲು ಕೆಸರು, ಜಿಗಣೆ, ಬಳ್ಳಿಯ ಸೇತುವೆ ಎರಡು,
ಎರಡನೆಯದರ ಮೇಲೆ ಯಾರೂ ಮಾತಾಡುವುದಿಲ್ಲ.

ಮೋಡಕ್ಕೆ ಪುಸ್ತಕದಲ್ಲಿ ಜಾಗ ಬಿಟ್ಟಿಲ್ಲ.
ಬೆಟ್ಟಸಾಲಿನ ನಡುವೆ ಒಂದು ಕಿಂಡಿ, ಅಜ್ಜಿಯ ಉದುರಿದ ಹಲ್ಲಿನಷ್ಟು.
ತೆರೆದರೆ ಬಾಲುಸ್. ಮುಚ್ಚಿದರೆ ನಾವು.

ದುಸಿಪ್ ಬಂದದ್ದು ಒಂದು ಮಂಗಳವಾರ,
ಹಣೆಯಿಂದ ಜೋತ ನೂಲಿನ ಚೀಲದಲ್ಲಿ ಗೆಣಸು.
ಅರವತ್ತೊಂದು ಕಿಲೋ. ಅದರಲ್ಲಿ ನೀನೆಷ್ಟು, ಅದೆಷ್ಟು, ಎಂದೆ.
ನಗಲಿಲ್ಲ. ಹಿಂದಿನದು ಇಲ್ಲೇ ಹುಟ್ಟಿತ್ತು, ಇಲ್ಲೇ ಹೋಯಿತು.
ಕೊರೊಫೇಯಲ್ಲಿ ನರ್ಸ್ ಇದ್ದಾಳೆ.

ಬುಧವಾರ ಮೋಡ. ಗುರುವಾರವೂ.
ಯಾಂಬಿಲ್, ಕಿಂಡಿ ಹೇಗಿದೆ? ರೇಡಿಯೋ ಕೇಳುತ್ತದೆ
ಆರಕ್ಕೆ, ಏಳಕ್ಕೆ, ಎಂಟಕ್ಕೆ.
ಇಲ್ಲ, ಎನ್ನುತ್ತೇನೆ. ಎಂಟರ ಮೇಲೆ ಯಾರೂ ಕೇಳುವುದಿಲ್ಲ.
ಅವಳು ದಿನವೂ ಬಂದು ಸುಮ್ಮನೆ ಹಲಗೆ ಹತ್ತಿ ಇಳಿಯುವಳು.
ಅರವತ್ತೊಂದು. ಅರವತ್ತೊಂದೂವರೆ.

ಹನ್ನೆರಡನೆಯ ಬೆಳಿಗ್ಗೆ ಬರಲಿಲ್ಲ.
ಕಿಂಡಿ ತೆರೆದದ್ದು ಅವತ್ತೇ, ತೊಳೆದಿಟ್ಟಂತೆ.
ಬಾಲುಸ್ ಬಂತು. ಅವಳ ಸೀಟಿಗೆ ಕಾಫಿ ಮೂಟೆ ಕಟ್ಟಿದೆ, ಅರವತ್ತು ಕಿಲೋ,
ಕೆಳಗೆ ನೋಡುತ್ತಾ ಹೋಗು ಎಂದೆ ಪೈಲಟ್‌ಗೆ.
ಎಲೆ, ಎಂದ ಅವನು ರೇಡಿಯೋದಲ್ಲಿ. ಬರೀ ಎಲೆ ಕಣೋ.

ನಾಲ್ಕನೆಯ ದಿನ ಕೊರೊಫೇ ಮಾತಾಡಿತು:
ನಡೆದು ಬಂದವರು ಒಬ್ಬರು.
ಗರಗರ. ಗರಗರ.
ತಡಿ. ಇಬ್ಬರು.

ಮೂರು ವಾರದ ಮೇಲೆ ಹಾರಿ ಬಂದಳು.
ಎಂಜಿನ್ ನಿಂತರೂ ಸೀಟು ಬಿಟ್ಟು ಏಳಲಿಲ್ಲ,
ಹಣೆಯ ಮೇಲೆ ಕಿಟಕಿ ಒತ್ತಿದ ಗುರುತು.
ಎರಡನೆಯ ಸೇತುವೆ ದಾಟಿದರೆ ಒಂದು ಬಂಡೆ, ಮಗ್ಗುಲಲ್ಲಿ ಕಾಡುಬಾಳೆ,
ಇವಳಿಗೆ ತೋರಿಸೋಣ ಅಂತಿದ್ದೆ, ಎಂದಳು,
ಹುಡುಕುವಷ್ಟರಲ್ಲಿ ಬಂದೇಬಿಟ್ಟಿತಲ್ಲ.

ಎರಡು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ತೂಕವೂ ಬೇಕಿಲ್ಲ.
ಆದರೂ ಹಲಗೆಯ ಮೇಲೆ ಮಲಗಿಸಿದೆವು.
ಮುಳ್ಳು ಅಲುಗಲಿಲ್ಲ.
ಐದು ಕಿಲೋ ದಾಟದ್ದು ಈ ತಕ್ಕಡಿಯ ಕಣ್ಣಿಗೆ ಬೀಳುವುದಿಲ್ಲ.
ಮಗು ತಗಡಿನ ಗೂಡು ಅದುರುವಂತೆ ಅತ್ತಿತು.

ಪುಸ್ತಕ ತೆರೆದೆ. ಅವಧಿ ಎಂಬ ಕಡೆ
ಮೊದಲ ಸಲ ಕೈ ತಾನೇ ಬರೆಯಲಿಲ್ಲ.
ಹೊರಗೆ ಕಿಂಡಿ ಮುಚ್ಚಿಕೊಳ್ಳುತ್ತಿತ್ತು,
ಬೇಗ, ಬೇಗ, ಎನ್ನುತ್ತಿದ್ದ ಪೈಲಟ್.
ಒಂಬತ್ತು ಎಂದು ಬರೆದು
ಸಹಿ ಹಾಕಿದೆ.