ಕಿಟಕಿಯಾಚೆ ನಿಂತವಳಿಗೆ

ಮೂರು ದಿನದಿಂದ ನೋಡುತ್ತಿದ್ದೇನೆ,
ಲ್ಯಾಬಿನ ಕಿಟಕಿಯ ಸರಳಿಗೆ ಮೂಗು ತಾಗಿಸಿ ನಿಲ್ಲುತ್ತೀಯ.
ತಿರುಗಿ ನೋಡಿದರೆ
ನೀರು ಕುಡಿಯಲು ಬಂದವಳ ಹಾಗೆ
ನಲ್ಲಿಯ ಕಡೆ ನಡೆದುಬಿಡುತ್ತೀಯ.
ಎಂಟನೇ ಕ್ಲಾಸು, ಬಿ ಸೆಕ್ಷನ್. ಹೆಸರು ಷಹಲಾ ಅಂತೆ.

ನಾನೂ ಅಲ್ಲೇ ನಿಂತಿದ್ದೆ, ಹೋದ ಜೂನ್‌ನಲ್ಲಿ.
ಕುಸುಮಾವತಿ ಟೀಚರ್ ಕೇಳಿದ್ದು ಗಣಿತದ ಮಾರ್ಕನ್ನಲ್ಲ,
'ಟಾರ್ಚ್ ಹಿಡಿಯಲಿಕ್ಕೆ ಬರ್ತದಾ?'
ಕರೆಂಟು ಹೋಗಿತ್ತು. ಹಿಡಿದೆ.
ಕೈ ನಡುಗಿದಾಗೆಲ್ಲ ಚಿಣ್ಣಪ್ಪ ಬೈದ,
ಬೆಸುಗೆಯ ಹೊಗೆ ಕಣ್ಣಿಗೆ ಹೊಡೆಯಿತು,
ಆ ಸಂಜೆ ಒಂದು ತಂತಿಯೂ ಕೂಡಲಿಲ್ಲ.
ಮರುದಿನ ಹಾಜರಿ ಹಾಳೆಯ ಕೊನೆಯಲ್ಲಿ
ನನ್ನ ಹೆಸರಿತ್ತು.

ನಮ್ಮ ರೋಬೋಟಿನ ಹೆಸರು ಏಡಿ.
ನೇರ ಹೋಗೆಂದರೆ ಎಡಕ್ಕೆ ಜಾರುತ್ತದೆ,
ಎಡಗಡೆಯ ಮೋಟಾರು ಹಳೇ ಪ್ರಿಂಟರಿನದು.
ಕೊಯ್ಲಿಗೆ ಮೊದಲು, ರೈಟರ ಕಾಲು ಹಿಡಿದು,
ಕಾಫಿ ಕಣದ ಸಿಮೆಂಟಿನ ಮೇಲೆ
ಕಪ್ಪು ಟೇಪು ಅಂಟಿಸಿ ಅದಕ್ಕೆ ದಾರಿ ಕಲಿಸಿದೆವು.
ಗೇಟಿನ ಹತ್ತಿರ ಆನೆ, ಎಂದು ಫೋನು ಬಂದರೆ
ಎಲ್ಲ ಬಿಟ್ಟು ಜೀಪು ಹತ್ತುವುದು.
ಒಂದು ಬೆಳಿಗ್ಗೆ ಎರಡನೇ ತಿರುವಿನ ಮೇಲೇ ಲದ್ದಿ.
ತಂಗಮಣಿ ತೆಗೆಯಲು ಬಿಡಲಿಲ್ಲ:
ಅಡಚಣೆ ಸುತ್ತಿ ಹೋದರೆ ಐದು ಅಂಕ,
ನಿಯಮದಲ್ಲೇ ಇದೆ.

ಮೈಸೂರಿನ ಕಥೆಯನ್ನು ನಿನಗೆ ಯಾರೂ ಪೂರ್ತಿ ಹೇಳಿರುವುದಿಲ್ಲ.
ಹಾಲಿನ ನೆಲ ಕನ್ನಡಿ, ಮೇಲೆ ಸಾಲು ಸಾಲು ದೀಪ.
ಗೆರೆ ಯಾವುದು ಹೊಳಪು ಯಾವುದು ತಿಳಿಯದೆ
ಏಡಿ ತೀರ್ಪುಗಾರರ ಕಪ್ಪು ಶೂ ಹಿಂದೆ ಹೊರಟಿತು.
ಅವರು ಪಕ್ಕಕ್ಕೆ ಸರಿದರು. ಅದೂ ಸರಿಯಿತು.
ಎಲ್ಲರೂ ನಕ್ಕರು, ನಾವೂ ನಕ್ಕೆವು, ಚಿಣ್ಣಪ್ಪ ಒಬ್ಬನನ್ನು ಬಿಟ್ಟು.
ಎರಡನೇ ಸುತ್ತಿಗೆ ಹನ್ನೊಂದು ನಿಮಿಷ.
ಚಾಮರಾಜನಗರದ ಹುಡುಗಿ, ನಮಗೆ ಎದುರಾಳಿ,
ತಾನಾಗಿ ಬಂದು ಒಂದು ಚೂರು ಕಪ್ಪು ಕಾಗದ ಕೊಟ್ಟಳು:
'ಸೆನ್ಸರಿಗೆ ಕೊಡೆ ಹಿಡೀರಿ.'
ಹಿಡಿದೆವು. ಏಡಿ ಗೆರೆ ಕಂಡುಕೊಂಡಿತು,
ಎರಡು ಚೆಂಡನ್ನು ಬುಟ್ಟಿಗೆ ಹಾಕಿ
ಮೂರನೆಯದನ್ನು ಅಪ್ಪಿಕೊಂಡು ನಿಂತೇಬಿಟ್ಟಿತು.

ಹತ್ತೊಂಬತ್ತು ತಂಡಗಳಲ್ಲಿ ಹದಿಮೂರನೆಯವರು.
ಕುಶಾಲನಗರ ದಾಟುವವರೆಗೆ ಚಿಣ್ಣಪ್ಪ ಬಾಯಿ ಬಿಡಲಿಲ್ಲ.
ಆಮೇಲೆ ಕೇಳಿದ,
'ಆ ಹುಡುಗಿ ಹೆಸರು ಯಾರಾದರೂ ಬರ್ಕೊಂಡಿದ್ದೀರಾ?'
ಯಾರೂ ಬರೆದುಕೊಂಡಿರಲಿಲ್ಲ.

ಕೋಡು ಬರುವುದಿಲ್ಲ ಅನ್ನಬೇಡ, ಕೂತರೆ ಬರುತ್ತದೆ.
ಅಲ್ಲಿಯವರೆಗೆ ಬ್ಯಾಟರಿ ಚಾರ್ಜು ನೋಡಿಕೊ.
ಇಲ್ಲವೇ ತಂಡದ ಡೈರಿ ಬರೆ,
ಅದಕ್ಕೂ ಅಂಕವಿದೆ,
ನಮ್ಮ ಮೂವರ ಅಕ್ಷರ ನಮಗೇ ಓದಲಾಗುವುದಿಲ್ಲ.
ಮನೆಯಿಂದ ಒಂದು ಸಹಿ ಬೇಕು, ಟೀಚರೇ ಮಾತಾಡುತ್ತಾರೆ.
ನೆಲ್ಯಹುದಿಕೇರಿಯ ಐದೂವರೆ ಬಸ್ಸು ನಿನಗೆ ತಪ್ಪುವುದಿಲ್ಲ.

ಮತ್ತೆ, ಒಂದು ಮಾತು.
ನಿನ್ನ ಬಾಪ ಸಿದ್ದಾಪುರದ ಸಂತೆ ಹತ್ತಿರ
ಮಿಕ್ಸಿ ರಿಪೇರಿ ಮಾಡುತ್ತಾರಲ್ಲ.
ಮೊನ್ನೆ ನಾವೆಲ್ಲ ಸ್ಕ್ರೀನಿಗೆ ಕಣ್ಣು ನೆಟ್ಟು ಕೂತಾಗ
'ಸುಡ್ತಾ ಉಂಟು' ಎಂದು ಹೊರಗಿನಿಂದ ಯಾರೋ ಕೂಗಿದರು.
ಎಡಗಡೆಯ ಮೋಟಾರು. ಹೊಗೆ ಇನ್ನೂ ಎದ್ದಿರಲಿಲ್ಲ.
ತಿರುಗುವಷ್ಟರಲ್ಲಿ ಕಿಟಕಿಯಲ್ಲಿ ಯಾರೂ ಇಲ್ಲ,
ನಲ್ಲಿ ಮಾತ್ರ ಸುರಿಯುತ್ತಿತ್ತು.

ಬುಧವಾರ ಬಾ, ಬಾಗಿಲಿನಿಂದ.
ಊಟದ ಡಬ್ಬಿಯ ಮುಚ್ಚಳ ತೊಳೆದು ತಾ,
ಸ್ಕ್ರೂ ಹಾಕಿಡಲು.
ನಮ್ಮವೆಲ್ಲ ನೆಲದ ಬಿರುಕಿಗೆ ಬಿದ್ದು ಹೋಗಿವೆ.