ಗೋಡೆಯ ಬೆನ್ನು

ಇಜ್ಮಿರ್‌ನ ನಮ್ಮ ಓಣಿಯ ಬೇಸಿಗೆ ಟಾಕೀಸಿಗೆ
ಚಾವಣಿ ಇರಲಿಲ್ಲ, ಸುಣ್ಣ ಬಳಿದ ಗೋಡೆಯೇ ಪರದೆ.
ಆ ಗೋಡೆಯ ಬೆನ್ನಿಗೆ ಬೆನ್ನು ಕೊಟ್ಟು
ಫಿಕ್ರಿಯೆ ದೊಡ್ಡಮ್ಮನ ಅಡುಗೆಮನೆ.

ಓಣಿಗೆಲ್ಲ ಮುಖ ಕಾಣುತ್ತಿತ್ತು.
ಇವಳಿಗೆ ಬರೀ ದನಿ.

ಬದನೆಕಾಯಿ ಸುಡುತ್ತ, ಕಿಟಕಿ ಅರ್ಧ ತೆರೆದು,
ಕಿವಿಯೊಂದನ್ನು ಆಚೆ ಕಳಿಸಿ ಕೂರುವಳು.
ಯಾರೋ ಬಿಕ್ಕಿದರು. ಯಾರೋ ಗುಂಡು ಹಾರಿಸಿದರು.
ರೈಲು ಬಂತು, ಹೋಯಿತು;
ಹತ್ತಿದವರಾರು, ಉಳಿದವರಾರು, ಅವಳಿಗೆ ತಿಳಿಯದು.
ಮುತ್ತಿಗೆ ಮಾತ್ರ ಸದ್ದಿಲ್ಲವಲ್ಲ,
ನೂರು ಬಾಯಿಗಳಲ್ಲಿ ಸೂರ್ಯಕಾಂತಿ ಬೀಜ ಸಿಡಿಯುವುದು
ಒಮ್ಮೆಲೇ ನಿಂತರೆ
ಮುತ್ತು ಎಂದು ಲೆಕ್ಕ.

ಹಿಡಿಸಿದ ಮಾತು ಕಿವಿಗೆ ಬಿದ್ದರೆ
ಸೌಟು ಬದಿಗಿಟ್ಟು, ಕಿರಾಣಿ ಸಾಲದ ಪುಸ್ತಕವನ್ನು ಬೋರಲು ಹಾಕಿ
ಕೊನೆಯ ಹಾಳೆಯಿಂದ ಬರೆಯತೊಡಗುವಳು.
ಮುಂದಿನಿಂದ: ಸಕ್ಕರೆ ಎರಡು ಕಿಲೋ, ಸೋಪು, ಸೀಮೆಎಣ್ಣೆ.
ಹಿಂದಿನಿಂದ:
‘ನಿಮ್ಮ ಕ್ಷಮೆ ನನ್ನ ಅಳತೆಗೆ ಹೊಲಿದದ್ದಲ್ಲ.’
‘ಬಡವರ ಗಡಿಯಾರವೂ ಮುಂದಕ್ಕೇ ಓಡುತ್ತದೆ, ಸಾಹೇಬರೆ.’
‘ಹಡಗು ತಪ್ಪಿದ್ದಕ್ಕೆ ಸಮುದ್ರವನ್ನು ಬೈಯಬೇಡ.’
ಸಾಲ ಈ ಕಡೆಯಿಂದ, ಸಿನಿಮಾ ಆ ಕಡೆಯಿಂದ
ಬೆಳೆದು ಬೆಳೆದು
ಒಂದು ಆಗಸ್ಟಿನಲ್ಲಿ ನಡುಹಾಳೆಯಲ್ಲಿ ಎದುರಾದವು.
ಅಂಗಡಿಯ ರಜ್ಮಿ ಬಾಕಿ ಕೂಡಿಸಲು ಕೂತವನು
ಓದುತ್ತ ಓದುತ್ತ ದಾರಿ ತಪ್ಪಿ
ಸೋಪಿನ ಬಾಬ್ತು ಬಿಟ್ಟೇಬಿಟ್ಟ.

ಬರೆದದ್ದು ಸುಮ್ಮನಿರುತ್ತಿರಲಿಲ್ಲ.
ಕರೆಂಟು ಕತ್ತರಿಸಲು ಬಂದವನಿಗೆ ಖಳನಾಯಕನ ಮಾತು,
ಮೀನು ಕದ್ದ ಬೆಕ್ಕಿಗೆ ನಾಯಕಿಯ ಮಾತು.
ಗಂಡ ಸತ್ತ ಏಳನೆಯ ದಿನ, ಬಂದವರೆಲ್ಲ ಎದ್ದ ಮೇಲೆ,
ಹುಡುಗರು ಬಾಡಿಗೆ ಕುರ್ಚಿಗಳಿಗೆ ಕೈಹಾಕಿದಾಗ
ಪುಸ್ತಕದಲ್ಲಿ ಎರಡು ಸುತ್ತು ಗೆರೆ ಎಳೆದಿದ್ದ ಮಾತು ಬಂತು:
‘ಕುರ್ಚಿ ಮಡಚಬೇಡ, ಅವಳು ಈಗ ಬರುತ್ತಾಳೆ.’
ಅವಳು ಯಾರು, ಯಾರೂ ಕೇಳಲಿಲ್ಲ.
ಕುರ್ಚಿಗಳು ಸಂಜೆಯವರೆಗೂ ಬಿಚ್ಚಿಕೊಂಡೇ ಇದ್ದವು.

ಎಷ್ಟೋ ವರ್ಷಗಳ ಮೇಲೆ ಹಳೆಯ ಚಿತ್ರಗಳೆಲ್ಲ
ಮಧ್ಯಾಹ್ನದ ಟಿವಿಯಲ್ಲಿ ಬರತೊಡಗಿದವು.
ಪುಸ್ತಕ ತೊಡೆಯ ಮೇಲಿಟ್ಟು ಕೂತೆವು, ನಾನೂ ಅವಳೂ,
ಮಾತು ಬಂದಂತೆ ಟಿಕ್ ಹಾಕುತ್ತ.
ಕ್ಷಮೆಯನ್ನು ತಿರಸ್ಕರಿಸಿದವಳಿಗೆ ಹದಿನಾರೂ ತುಂಬಿರಲಿಲ್ಲ.
ಹಡಗಿನ ಮಾತಾಡಿದವನು ಕುಡಿದಿದ್ದ, ಚಡ್ಡಿಯಲ್ಲಿದ್ದ.
‘ಇವನಾ?’ ಎಂದಳು, ಮೋಸಹೋದವಳಂತೆ,
ಆಮೇಲೆ, ‘ಹೋಗಲಿ, ದನಿ ಚೆನ್ನಾಗಿದೆ.’

ಕುರ್ಚಿಯ ಮಾತು ಮಾತ್ರ ಬರಲಿಲ್ಲ.
ಆ ತಾರೀಖಿನ ಚಿತ್ರವನ್ನು ಎರಡು ಸಲ ನೋಡಿದೆವು;
ಅದರಲ್ಲಿ ಕುರ್ಚಿಯೇ ಇಲ್ಲ, ಕುದುರೆಗಳು.

ಗೇಟಿನಲ್ಲಿ ಸೋಡ ಮಾರುತ್ತಿದ್ದ ಸಾಬ್ರಿ
ಈಗ ದೋಣಿಕಟ್ಟೆಯ ಬಳಿ ಮಗಳ ಮನೆಯಲ್ಲಿದ್ದ.
ಕೇಳಿ ನಕ್ಕ: ‘ಅದು ಸಿನಿಮಾದ್ದಲ್ಲ, ತಾಯಿ.
ಮೂರನೇ ಸಾಲಿನವನೊಬ್ಬ ನನಗೆ ಹೇಳಿದ್ದು.
ಪಕ್ಕದ ಕುರ್ಚಿಗೂ ಟಿಕೆಟ್ಟು ತೆಗೆದಿದ್ದ.’
‘ಬಂದಳಾ?’
ಸಾಬ್ರಿ ಕೆನ್ನೆ ಕೆರೆದುಕೊಂಡ.
‘ನೆನಪಿಲ್ಲ. ಅವತ್ತು ಜನ ಜಾಸ್ತಿ.
ನಿಮ್ಮ ಮನೆಯ ಮಾತು ನೆನಪಿದೆ ನೋಡಿ,
ನಾಯಕಿ ಪ್ರಾಣ ಬಿಡುವ ಹೊತ್ತಿಗೆ ಗೋಡೆಯ ಹಿಂದಿನಿಂದ
“ಉಪ್ಪು ಹಾಕಿದೆಯೇನೇ?” ಅಂತ ಯಾರೋ ಗಂಡಸು ಕೂಗಿದ,
ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು.’

ದೋಣಿಯಲ್ಲಿ ಮರಳುವಾಗ ದೊಡ್ಡಮ್ಮ ಮಾತಾಡಲಿಲ್ಲ.
ಮನೆಗೆ ಬಂದು ಪೆನ್ಸಿಲು ಹುಡುಕಿದಳು.
ಸುತ್ತು ಗೆರೆಯ ಮಾತನ್ನು ಹೊಡೆದುಹಾಕಲಿಲ್ಲ,
ಚಿತ್ರದ ಹೆಸರಿದ್ದ ಕಡೆ ಒರೆಸಿ ‘ಮೂರನೇ ಸಾಲು’ ಎಂದು ಬರೆದಳು.
ಕೆಳಗೆ, ಉಳಿದಿದ್ದ ಅರ್ಧ ಬೆರಳಿನ ಜಾಗದಲ್ಲಿ,
ಇಕ್ಕಟ್ಟಾಗಿ:
‘ಉಪ್ಪು ಹಾಕಿದೆಯೇನೇ?’