ಕರಪತ್ರದ ಹಿಂಬದಿ

ಅರವತ್ತು ಸೀಟು. ಅರ್ಜಿ ಹನ್ನೊಂದು.
ಅದರಲ್ಲೊಂದು ಅಂಕಪಟ್ಟಿಯಿಲ್ಲದೆ ವಾಪಸು ಹೋಗಿದೆ.
ವಿಶ್ವವಿದ್ಯಾಲಯದ ಸುತ್ತೋಲೆ
ಮೂರನೇ ಸಲ ಕೊನೆಯ ದಿನವನ್ನು ಮುಂದಕ್ಕೆ ತಳ್ಳಿದೆ.
ದಂಡಶುಲ್ಕ ಮಾಫಿ; ಎ ಸೆಕ್ಷನ್ನು ಬಿ ಸೆಕ್ಷನ್ನು ಕೂಡಿ ಒಂದೇ;
ಹೊಸದಾಗಿ ಸೈಬರ್ ಕಾನೂನಿನ ಡಿಪ್ಲೊಮಾ,
ಪಾಠ ಮಾಡುವವರು ಯಾರೆಂದು ಮಾತ್ರ ಬರೆದಿಲ್ಲ.

‘ತಲೆಗೆ ಐದು ಅಡ್ಮಿಷನ್ ತನ್ನಿ ಮೇಡಂ,
ಇಲ್ಲಾಂದ್ರೆ ನಿಮಗೆ ವರ್ಕ್‌ಲೋಡ್ ಎಲ್ಲಿಂದ ತರಲಿ?’
ಅಂದರು ಪ್ರಿನ್ಸಿಪಾಲ್ ಅಶ್ವತ್ಥರೆಡ್ಡಿ, ಮುಖ ನೋಡದೆ.
ಕೆಟ್ಟವರಲ್ಲ. ಅವರ ಮೇಜಿನ ಗಾಜಿನಡಿ
ತೊಂಬತ್ತೆಂಟರ ಬ್ಯಾಚಿನ ಫೋಟೊ:
ಕೂತವರು, ನಿಂತವರು, ಬೆಂಚು ಹತ್ತಿದವರು,
ಅಂಚಿನಲ್ಲಿ ಅರ್ಧ ಮುಖ ಕತ್ತರಿಸಿಹೋದವನೊಬ್ಬ.

ಹಾಗಾಗಿ, ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸು,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ,
ಕಂಕುಳಲ್ಲಿ ಇನ್ನೂರು ಕರಪತ್ರ.
ಹಸಿಗೂಡಿನ ಘಾಟು ಸೆರಗಿಗೆ ಹತ್ತಿತು.
ರೀಲರುಗಳು ಒಂದೊಂದು ಗೂಡೆತ್ತಿ
ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ:
ಒಳಗಿನದು ಸದ್ದು ಮಾಡಿದರೆ ಒಳ್ಳೆ ಗೂಡಂತೆ.

ನಾನು ಕಲಿಸುವುದೂ ಇದನ್ನೇ, ಕರಾರು ಕಾಯಿದೆ.
ಬೆಲೆಪಟ್ಟಿ ಪ್ರಸ್ತಾಪವಲ್ಲ, ಬರೀ ಆಹ್ವಾನ.
ಕೂಗಿದ್ದೇ ಪ್ರಸ್ತಾಪ. ಸುತ್ತಿಗೆ ಬಿದ್ದರೆ ಒಪ್ಪಿಗೆ.
ಇಲ್ಲಿ ಸುತ್ತಿಗೆಯಿಲ್ಲ, ಪರದೆಯ ಮೇಲೆ ಅಂಕಿ ನಿಂತರೆ ಮುಗಿಯಿತು.
ಖಾಲಿ ಬೆಂಚುಗಳಿಗೆ ವರ್ಷವಿಡೀ ಹೇಳಿದ್ದು
ಇಲ್ಲಿ ಗೋಣಿ ಹೊರುವ ಹುಡುಗನಿಗೂ ಗೊತ್ತು.

ದ್ಯಾವಮ್ಮ ಕರಪತ್ರ ತಿರುಗಿಸಿ ನೋಡಿದಳು.
‘ಹಿಂದ್ಗಡೆ ಖಾಲಿ ಐತಲ್ಲ, ಇದ್ರಾಗೇ ಬರ್ಕೊಡಮ್ಮ.
ಕೂಗಿದ್ದು ಆರ್ನೂರು. ತೂಕಕ್ಕಿಟ್ಟ ಮ್ಯಾಲೆ
ಕಲೆಗೂಡು ಅಂತ ಐವತ್ತು ಮುರ್ಕೊಂಡ್ರು.
ಕೇಳಾದು ಯಾರ್ನ?’
ಗೋಡೆಗೆ ಒತ್ತಿಕೊಂಡು ಬರೆದೆ:
ಮಾರುಕಟ್ಟೆ ಅಧಿಕಾರಿಯವರಲ್ಲಿ, ಮಾನ್ಯರೆ...

ಆಮೇಲೆ ಖಮರುನ್ನೀಸಾ, ನೂಲು ತೆಗೆಯುವವಳು,
ಬಿಸಿನೀರಿಗೆ ಬೆಂದು ಬಿಳುಚಿದ ಬೆರಳು.
‘ಅಡಿಗೆ ಕೆಟ್ಟಿದ್ದು, ಮೇಲೆ ಒಳ್ಳೇದು ಸುರಿದ್ರೆ
ನಮ್ದು ಯಾರು ಕೇಳ್ತಾರೆ ಮೇಡಂ?’
ಅವಳಿಗೂ ಬರೆದೆ.
ಎರಡೂ ಪಕ್ಷಕ್ಕೆ ನಾನೇ ವಕೀಲೆ!
ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಸೊನ್ನೆ ಹಾಕಿದ್ದೇನೆ.
ಅವಳ ಹಿಂದೆ ಸಾಲು ಬೆಳೆಯಿತು.

ಮಧ್ಯಾಹ್ನ ಫೋನು. ‘ಎಷ್ಟಾಯ್ತು?’
‘ನಲವತ್ತು ಖರ್ಚಾದವು ಸಾರ್.’
‘ನಲವತ್ತು? ಅಡ್ಮಿಷನ್ನಾ?’
ಚಾಲಕ ಹಾರನ್ ಒತ್ತಿದ. ಉತ್ತರ ಅವನಿಗೇ ಬಿಟ್ಟೆ.

ಕೂತಾಗ ಸೀರೆಯ ಮಡಿಕೆಯಲ್ಲಿ
ಎಲ್ಲಿಂದಲೋ ಸಿಕ್ಕಿಕೊಂಡ ಒಂದು ಗೂಡು.
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಬಸ್ಸಿನ ಗದ್ದಲದಲ್ಲಿ
ಸದ್ದು ಬಂತೋ ಇಲ್ಲವೋ, ತಿಳಿಯಲಿಲ್ಲ.